ಅಡುಗೆ ಕ್ಲಾಸಿಗೆ ಬಂದ ಅಪ್ಪ

ನಿವೃತ್ತಳಾದ ಮೇಲೆ ಮತ್ತೆ ಒಲೆಯ ಮುಂದೆ ನಿಂತು ಪಾಠ ಹೇಳುತ್ತೇನೆಂದು ನಾನು ಅಂದುಕೊಂಡಿರಲಿಲ್ಲ. ಹೈದರಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಗೃಹವಿಜ್ಞಾನ ಕಲಿಸಿ ಕೆಲಸ ಮುಗಿಸಿದ್ದೆ. ಕಾಚಿಗೂಡದ ನಮ್ಮ ಹಳೆಯ ಮನೆಯ ಬಾಲ್ಕನಿಯಲ್ಲಿ ಕೂತು, ಗಂಟುಮೂಟೆ ಹೊತ್ತು ಸ್ಟೇಷನ್ನಿಗೆ ಹೋಗುವವರನ್ನೂ ಬರುವವರನ್ನೂ ನೋಡುವುದು, ಸಂಜೆ ಯಜಮಾನರ ಜೊತೆ ತರಕಾರಿಗೆ ಹೋಗುವುದು, ಇಷ್ಟರಲ್ಲಿ ದಿನ ಕಳೆಯುತ್ತಿತ್ತು. ಕೊರೊನಾ ಕಳೆದು ಊರು ಮತ್ತೆ ಉಸಿರಾಡತೊಡಗಿದ ಕಾಲ. ಒಂದು ದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿದಳು. ಅವಳು ಈಗ ಡಾಕ್ಟರು. ಮೆಹದಿಪಟ್ಟಣದ ಹಿಂದಿನ ಬಡವರ ಬಸ್ತಿಯೊಂದರಲ್ಲಿ ಸಣ್ಣ ದವಾಖಾನೆ ನಡೆಸುತ್ತಾಳೆ.

"ಗುಳಿಗೆ ಬರೆದು ಬರೆದು ನನಗೇ ಬೇಸರ ಬಂದಿದೆ ಟೀಚರ್," ಎಂದಳು. "ಸಕ್ಕರೆ, ಬಿಪಿ, ರಕ್ತ ಕಡಿಮೆ. ದಿನಾ ಇದೇ. ಮನೆಯಲ್ಲಿ ಬೇಯುವುದು ಬದಲಾಗದಿದ್ದರೆ ನನ್ನ ಔಷಧಿ ಏನು ಮಾಡೀತು? ನೀವು ಬಂದು ಇವರಿಗೆ ಒಂದಿಷ್ಟು ಅಡುಗೆ ಹೇಳಿಕೊಡಿ."

ಬೇಡವೆನ್ನಲು ನನ್ನ ಬಳಿ ಮೊಣಕಾಲು ನೋವೊಂದೇ ನೆಪವಿತ್ತು. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹೋಗಿ ಬಾ. ಇಲ್ಲಿ ನನ್ನೊಬ್ಬನ ಮೇಲೆ ಎಷ್ಟಂತ ಪ್ರಯೋಗ ಮಾಡ್ತಿ?" ಎಂದರು. ಹಾಗೆ ಶುರುವಾಯಿತು.

ದವಾಖಾನೆಯ ಮೇಲೊಂದು ದೊಡ್ಡ ಹಾಲ್. ಮಕ್ಕಳಿಗೆ ಪೋಲಿಯೊ ಹನಿ ಹಾಕುವುದು, ಮಹಿಳಾ ಸಂಘದವರ ಮೀಟಿಂಗು, ಎಲ್ಲ ಅಲ್ಲೇ. ಗೋಡೆಯ ಪಕ್ಕ ಒಂದು ಉದ್ದ ಮೇಜು, ಎರಡು ಉರಿಯ ಗ್ಯಾಸ್ ಒಲೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು. ಪ್ರತಿ ಶನಿವಾರ ಸಂಜೆ ಕ್ಲಾಸು. ಮನೆಗೆಲಸಕ್ಕೆ ಹೋಗುವವರು, ಹೊಲಿಗೆ ಹಾಕುವವರು, ಹೂ ಕಟ್ಟುವವರು ಬರುತ್ತಿದ್ದರು. ನಾನು ಒಂದೇ ನಿಯಮ ಇಟ್ಟುಕೊಂಡಿದ್ದೆ. ರೇಷನ್ ಅಂಗಡಿಯಲ್ಲಿ ಸಿಗುವುದು ಮತ್ತು ಅದೇ ಬೀದಿಯ ತಳ್ಳುಗಾಡಿಯಲ್ಲಿ ಸಿಗುವುದು, ಅಷ್ಟರಲ್ಲೇ ಅಡುಗೆಯಾಗಬೇಕು. ಮಾಡಿದ್ದನ್ನು ಎಲ್ಲರೂ ಅಲ್ಲೇ ಕೂತು ಉಂಡು ಹೋಗಬೇಕು. ತಿಂದು ನೋಡದ ಆರೋಗ್ಯದ ಅಡುಗೆಯನ್ನು ಯಾರೂ ಮನೆಯಲ್ಲಿ ಮಾಡುವುದಿಲ್ಲ ಎಂಬುದು ನನಗೆ ಶಾಲೆಯಲ್ಲೇ ಗೊತ್ತಾಗಿತ್ತು.

ಕ್ಲಾಸಿನ ಭಾಷೆ ಅರ್ಧ ತೆಲುಗು, ಅರ್ಧ ದಖನಿ ಉರ್ದು. ಮೊದಲ ವಾರ ನಾನು ಒಂದು ಕಟ್ಟು ಹುಳಿ ಸೊಪ್ಪು ಎತ್ತಿ ತೋರಿಸಿದಾಗ ತೆಲುಗಿನವರು ಗೊಂಗೂರ ಎಂದರು, ಮುಸ್ಲಿಂ ಹೆಂಗಸರು ಅಂಬಾಡಾ ಎಂದರು, ನನ್ನ ಬಾಯಲ್ಲಿ ಪುಂಡಿಪಲ್ಯ ಎಂದು ಬಂತು. ಯಾರ ಹೆಸರು ಸರಿ ಎಂದು ಅವರವರಲ್ಲೇ ಸ್ವಲ್ಪ ಹೊತ್ತು ಜಗಳ ನಡೆಯಿತು. ಜಗಳದಲ್ಲಿ ಎಲ್ಲರಿಗಿಂತ ಮುಂದಿದ್ದವರು ಒಬ್ಬ ಹಿರಿಯ ಮುಸ್ಲಿಂ ಹೆಂಗಸು. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಬಹಳ ವರ್ಷದ ಸಕ್ಕರೆ ಕಾಯಿಲೆ. ಅವರು ಕ್ಲಾಸಿಗೆ ಬರುತ್ತಿದ್ದುದು ಕಲಿಯಲಿಕ್ಕೋ ವಾದಿಸಲಿಕ್ಕೋ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಎಣ್ಣೆಯನ್ನು ಬಾಟಲಿಯಿಂದ ಸುರಿಯಬೇಡಿ, ಚಮಚದಿಂದ ಹಾಕಿ ಎಂದರೆ, "ಚಮಚದಲ್ಲಿ ಹಾಕುವುದು ಔಷಧಿ, ಎಣ್ಣೆಯಲ್ಲ," ಎನ್ನುತ್ತಿದ್ದರು. ಆದರೆ ಒಂದು ವಾರವೂ ತಪ್ಪಿಸಿದವರಲ್ಲ.

ಅವನು ಬಂದದ್ದು ಒಂದು ಮಳೆಗಾಲದ ಸಂಜೆ. ಕ್ಲಾಸು ಆಗಲೇ ಶುರುವಾಗಿತ್ತು. ಮೆಟ್ಟಿಲ ಹತ್ತಿರ ಯಾರೋ ನಿಂತಿರುವಂತೆ ಕಂಡು ತಿರುಗಿ ನೋಡಿದರೆ ಖಾಕಿ ಅಂಗಿಯ ಒಬ್ಬ ಗಂಡಸು. ನಲವತ್ತರ ಆಸುಪಾಸು. ಆಟೊ ಡ್ರೈವರ್ ಎಂದು ನೋಡಿದರೇ ತಿಳಿಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಹೆಂಗಸರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಕೆಲವರು ಸೆರಗು ಸರಿಮಾಡಿಕೊಂಡರು. ಯಾರನ್ನೋ ಕರೆದುಕೊಂಡು ಹೋಗಲು ಬಂದಿದ್ದಾನೆ ಎಂದು ನಾನು ಅಂದುಕೊಂಡೆ.

ಅವನು ತೆಲುಗಿನಲ್ಲಿ, ಡಾಕ್ಟರಮ್ಮ ಕಳಿಸಿದ್ದಾರೆ, ಅಡುಗೆ ಕಲಿಯಬೇಕು ಎಂದ.

"ಮರ್ದಾಂ ಕಾ ಯಾಂ ಕ್ಯಾ ಕಾಮ್?" ಎಂದು ಖಾಲಾ ಗದರಿದರು. ಇಲ್ಲಿ ಗಂಡಸರಿಗೇನು ಕೆಲಸ ಎಂದು ಕೇಳಿಸಿಕೊಂಡೂ ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತೇ ಇದ್ದ.

ಅಷ್ಟರಲ್ಲಿ ಒಲೆಯ ಮೇಲಿನ ಬೇಳೆ ಉಕ್ಕಿತು. "ಅಯ್ಯ ಶಿವನ, ಸೌಟ ಎಲ್ಲಿಟ್ಟೆ!" ಎಂದು ನನಗೆ ನಾನೇ ಕನ್ನಡದಲ್ಲಿ ಗೊಣಗಿಕೊಂಡು ತಡಕಾಡಿದೆ. ಅವನು ಎರಡೇ ಹೆಜ್ಜೆಯಲ್ಲಿ ಬಂದು ಮೇಜಿನ ಆ ತುದಿಯಲ್ಲಿದ್ದ ಸೌಟನ್ನು ತೆಗೆದುಕೊಟ್ಟ. ಮುಖ ಅರಳಿತ್ತು.

"ಅಕ್ಕಾರ, ನೀವು ಕನ್ನಡದೋರೇನ್ರಿ?"

"ಹೌದಪ್ಪಾ. ರಾಯಚೂರು ಕಡೆ. ನೀವು?"

"ನಮ್ದು ಸೇಡಂ ಬಾಜೂಕ್ರಿ."

ಮನೆಯ ಹೊರಗೆ ನಾನು ಕನ್ನಡ ಮಾತಾಡುವುದೇ ಅಪರೂಪ. ಶಾಲೆಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಹೀಗೇ ನನ್ನ ವಯಸ್ಸು ಕಳೆದುಹೋಗಿತ್ತು. ಆ ಎರಡು ಮಾತಿಗೇ ನಾನು ಅವನ ಕಡೆಗಾದೆ. ಇಲ್ಲಿ ಯಾರು ಕಲಿಯಲು ಬಂದರೂ ಕಲಿಯಬಹುದು ಎಂದು ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ಹೇಳಿದೆ. ಹೆಂಗಸರು ಖಾಲಾ ಮುಖ ನೋಡಿದರು. ಖಾಲಾ, ಮನೆಯಲ್ಲಿ ಹೆಂಗಸರಿಲ್ಲವೇ ಎಂದು ಅವನನ್ನು ಕೇಳಿದರು. ಅವನು ಹೆಂಡತಿ ಕುವೈತಿನಲ್ಲಿದ್ದಾಳೆ ಎಂದ. ಆ ಬಸ್ತಿಯಲ್ಲಿ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಂದ ಎಷ್ಟೋ ಹೆಂಗಸರು ಮನೆಗೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋಗಿದ್ದರು. ಖಾಲಾ ಈರುಳ್ಳಿಯ ಬುಟ್ಟಿಯನ್ನು ಕಾಲಿನಿಂದಲೇ ಅವನ ಕಡೆ ತಳ್ಳಿದರು.

"ಬೈಠೋ ಮಿಯಾಂ. ಪ್ಯಾಜ್ ಕಾಟೋ."

ಅವನು ಕೂತು ಈರುಳ್ಳಿ ಹೆಚ್ಚಿದ. ಒಂದು ಚೂರು ಹೆಬ್ಬೆರಳಿನಷ್ಟು, ಇನ್ನೊಂದು ಕಣ್ಣಿಗೇ ಕಾಣದಷ್ಟು. ಕಣ್ಣಿಂದ ಧಾರಾಕಾರ ನೀರು. ಹೆಂಗಸರು ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಆಮೇಲೆ ಬಾಯಿಬಿಟ್ಟೇ ನಕ್ಕರು. ಅವನೂ ನಕ್ಕ.

ಪಾತ್ರೆ ತೊಳೆಯುವಾಗ ಅವನು ತನ್ನ ಕಥೆ ಹೇಳಿದ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಎಂಟನೆಯ ತರಗತಿ, ಚಿಕ್ಕವಳು ಮೂರನೆಯದು. ದೊಡ್ಡವಳು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ತಲೆಸುತ್ತಿ ಬಿದ್ದಿದ್ದಳು. ದವಾಖಾನೆಗೆ ಕರೆತಂದರೆ ರಕ್ತ ಬಹಳ ಕಡಿಮೆ ಇದೆ ಎಂದರು.

"ಡಾಕ್ಟರಮ್ಮ ಕೇಳಿದ್ರು ಅಕ್ಕಾರ, ಮನ್ಯಾಗ ಏನು ಉಣ್ತೀರಿ ಅಂತ. ಹೇಳಾಕ ನಂಗ ನಾಚಿಕಿ ಬಂತು. ಮುಂಜಾನಿ ಚಾ, ಅದರಾಗ ಅದ್ದಾಕ ಪಾಪೆ ರಸ್ಕು. ಸಂಜಿಕ ನಾ ಕುಕ್ಕರಿನ್ಯಾಗ ಅನ್ನ ಇಡ್ತೀನಿ, ಕರ್ರಿ ಪಾಯಿಂಟಿನಿಂದ ಒಂದು ಪಾಕೀಟು ಪಲ್ಯ ತರ್ತೀನಿ. ನಡುವ ಹಸಿವಾದ್ರ ಅವು ಅಂಗಡ್ಯಾಗಿನ ಚಿಪ್ಸ್ ತಿಂತಾವ. ಅವರವ್ವ ಅಲ್ಲಿ ಮಂದಿ ಮನ್ಯಾಗ ಹತ್ತು ನಮೂನಿ ಅಡಗಿ ಮಾಡಾಕತ್ತಾಳ. ಇಲ್ಲಿ ನನ್ನ ಮಕ್ಕಳಿಗೆ ರಕ್ತ ಇಲ್ಲಂದ್ರ ನಾ ಏನು ಅಪ್ಪ ಆದೆ?"

"ಊರಿಗೆ ಕಳಿಸಬೇಕು ಅನ್ನಿಸಲಿಲ್ಲೇನು?"

"ನಮ್ಮವ್ವ ಅಲ್ಲೇ ಬಿಡು ಅಂತಾಳ್ರಿ. ದೊಡ್ಡಾಕಿ ಒಲ್ಲೆ ಅಂತಾಳ. ಸಾಲಿ ಬಿಡೂದಿಲ್ಲ ಅಂತಾಳ. ಛಲೋ ಓದ್ತಾಳ್ರಿ."

ಹೆಂಡತಿಗೆ ಮಗಳು ಬಿದ್ದ ವಿಷಯ ಹೇಳಿರಲಿಲ್ಲವಂತೆ. ಅಷ್ಟು ದೂರದಲ್ಲಿ ಕೂತು ಅತ್ತರೆ ಯಾರು ಸಮಾಧಾನ ಮಾಡಬೇಕು ಎಂದ.

ಮುಂದಿನ ವಾರದಿಂದ ಅವನು ನಮ್ಮ ಕ್ಲಾಸಿನವನೇ ಆದ. ಅಕ್ಕಿ ತೊಳೆಯುವುದರಿಂದ ಹಿಡಿದು ಎಲ್ಲ ಹೇಳಿಕೊಡಬೇಕಾಯಿತು. ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಬೆಳ್ಳುಳ್ಳಿ ಹಾಕುತ್ತಿದ್ದ. ಉಪ್ಪು ಒಮ್ಮೆ ಇಲ್ಲವೇ ಇಲ್ಲ, ಒಮ್ಮೆ ಸಮುದ್ರ. ಮನೆಯಲ್ಲಿ ಹೆಸರುಬೇಳೆ ಮಾಡಲು ಹೋಗಿ ಪಾತ್ರೆಯ ತಳವನ್ನೇ ಹೊತ್ತಿಸಿ, ಆ ಪಾತ್ರೆಯನ್ನು ಕ್ಲಾಸಿಗೆ ತಂದು, ಇದನ್ನು ಹೇಗೆ ತಿಕ್ಕುವುದು ಎಂದು ಕೇಳಿದ. ಅದನ್ನೂ ಖಾಲಾನೇ ಹುಣಸೆ ಸಿಪ್ಪೆ ಹಾಕಿ ನೆನೆಸಿ ತೋರಿಸಿಕೊಟ್ಟರು. ಅಷ್ಟರಲ್ಲಿ ಅವರು ಅವನನ್ನು ಬೇಟಾ ಎನ್ನತೊಡಗಿದ್ದರು. ಬೈಯುವುದಂತೂ ಬಿಟ್ಟಿರಲಿಲ್ಲ.

ರಕ್ತ ಹೆಚ್ಚಲು ಏನು ಮಾಡಬೇಕೆಂದು ನಾನು ಎಲ್ಲರಿಗೂ ಹೇಳುತ್ತಿದ್ದುದು ಸರಳ ಮಾತುಗಳು. ದಿನಕ್ಕೊಂದು ಸೊಪ್ಪು, ಒಂದು ಬೇಳೆ. ಮೊಟ್ಟೆ ತಿನ್ನುವವರು ಮೊಟ್ಟೆ. ಪಲ್ಯದ ಮೇಲೆ ನಿಂಬೆ ಹಿಂಡಿ. ಊಟದ ಜೊತೆಗೆ ಚಹಾ ಬೇಡ, ಚಹಾ ಕಬ್ಬಿಣದ ಸತ್ವವನ್ನು ಮೈಗೆ ಹತ್ತಗೊಡುವುದಿಲ್ಲ. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ. ಹೇಳುವುದು ಸುಲಭ. ಮಕ್ಕಳು ತಿನ್ನಬೇಕಲ್ಲ? ಅವನ ಚಿಕ್ಕವಳು ತಕರಾರಿಲ್ಲದೆ ತಿನ್ನುತ್ತಿದ್ದಳು. ತೊಂದರೆ ದೊಡ್ಡವಳದು; ಅಪ್ಪ ಮಾಡಿದ್ದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಅವಳನ್ನು ನಾನು ಮೊದಲು ನೋಡಿದ್ದು ದವಾಖಾನೆಯ ಬಾಗಿಲಲ್ಲಿ. ಗುಳಿಗೆ ತೆಗೆದುಕೊಳ್ಳಲು ಬಂದಿದ್ದಳು. ಎರಡು ಜಡೆ, ತೆಳ್ಳಗೆ ಬಿಳಿಚಿದ ಮುಖ, ಹಿರಿಯರ ಹಾಗೆ ಬಿಗಿದ ತುಟಿ. ನಾನು ನಕ್ಕು ಮಾತಾಡಿಸಿದೆ. ಅವಳು ನಗಲಿಲ್ಲ.

"ಆಂಟಿ, ನಮ್ಮಪ್ಪಗ ಇನ್ನ ಬರಬ್ಯಾಡ ಅಂತ ಹೇಳ್ರಿ."

"ಯಾಕವ್ವಾ?"

"ನಮ್ಮ ಕ್ಲಾಸಿನ ಹುಡುಗಿ ಒಬ್ಬಾಕಿ ಅವರವ್ವನ ಜೋಡಿ ಇಲ್ಲಿ ಬಂದಾಗ ನೋಡ್ಯಾಳ್ರಿ. ಮರುದಿನ ಸಾಲ್ಯಾಗ ಎಲ್ಲಾರ ಮುಂದ ಅಂದ್ಲು, ನಿಮ್ಮಪ್ಪ ಆಂಟಿ ಆಗ್ಯಾನ ಅಂತ. ಅಡಗಿ ನಾ ಮಾಡ್ತೀನಿ ಅಂದೆ. ಅಂವ ಕೇಳಂಗಿಲ್ಲ. ನೀ ಓದು ಅಂತಾನ."

ಅವಳ ಕಣ್ಣಲ್ಲಿ ನೀರಿತ್ತು. ಅದು ಬೀಳದ ಹಾಗೆ ಕಣ್ಣು ಅಗಲಿಸಿಕೊಂಡು ನಿಂತಿದ್ದಳು. ಬುದ್ಧಿಮಾತು ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ಆ ವಯಸ್ಸಿನ ಹುಡುಗಿಯರನ್ನು ಬಹಳ ವರ್ಷ ನೋಡಿದವಳು ನಾನು. ತರಗತಿಯ ಒಂದು ನಗು ಅವರಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತು. "ನಾ ಹೇಳ್ತೀನಿ. ಆದ್ರ ಬಿಡೂದು ಅವರಿಗೇ ಬಿಟ್ಟಿದ್ದು," ಎಂದೆ.

ಶನಿವಾರ ಅವನಿಗೆ ಹೇಳಿದೆ. ಅವನು ಬದನೆಕಾಯಿ ಹೆಚ್ಚುತ್ತಿದ್ದವನು ಚಾಕು ಕೆಳಗಿಟ್ಟ.

"ಗೊತ್ತೈತ್ರಿ ಅಕ್ಕಾರ. ನಂಗ ಅಂದ್ರ ಬ್ಯಾರೆ. ಆಕಿಗಿ ಅಂದಾರಲ್ಲ, ಅದು ತ್ರಾಸ ಆಗತೈತಿ. ಆದ್ರ ಈಗ ನಾ ಬಿಟ್ರ ಆಕಿ ಒಲಿ ಮುಂದ ಕೂಡ್ತಾಳ. ಒಮ್ಮಿ ಕುಂತ್ಲಂದ್ರ ಮತ್ತ ಪುಸ್ತಕ ಹಿಡೀತಾಳೇನ್ರಿ?"

ಅವನು ಬರುವುದನ್ನು ಬಿಡಲಿಲ್ಲ. ಆದರೆ ಆಟೊವನ್ನು ದವಾಖಾನೆಯ ಮುಂದೆ ನಿಲ್ಲಿಸುವುದು ಬಿಟ್ಟು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸತೊಡಗಿದ.

ದಸರೆಗೆ ಸ್ವಲ್ಪ ಮುಂಚೆ ಇರಬೇಕು, ಆ ಫೋನು ಬಂತು. ಅಂದು ಪುಂಡಿಪಲ್ಯದ ಸರದಿ. ಅವನು ಒಲೆಯ ಮುಂದೆ ನಿಂತು ಸೌಟಿನಿಂದ ತಿರುವುತ್ತಿದ್ದ. ಹಿಂದೆ ಯಾವುದೋ ಮಾತಿಗೆ ಹೆಂಗಸರೆಲ್ಲ ಒಟ್ಟಿಗೆ ನಗುತ್ತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ವಿಡಿಯೊ ಕಾಲ್. ಆ ಹೊತ್ತಿಗೆ ಅವನ ಹೆಂಡತಿ ಎಂದೂ ಮಾಡಿದವಳಲ್ಲವಂತೆ. ಕುವೈತಿನಲ್ಲಿ ಆಗಿನ್ನೂ ಮಧ್ಯಾಹ್ನ; ಅಂದು ಅಲ್ಲಿನ ಮನೆಯವರು ಉಂಡು ಮಲಗಿದ್ದರಿಂದ ಪುರಸೊತ್ತು ಸಿಕ್ಕಿತ್ತು. ಗಾಬರಿಯಲ್ಲಿ ಅವನ ಬೆರಳು ತಾಗಿ ಫೋನು ತೆರೆದುಕೊಂಡಿತು.

"ಎಲ್ಲಿದ್ದೀರಿ?" ಎಂಬ ಹೆಣ್ಣಿನ ದನಿ. "ಹೆಂಗಸ್ರ ದನಿ ಕೇಳಾಕತ್ತೈತಲ್ಲ? ಯಾರ ಮನ್ಯಾಗ ಅದೀರಿ?"

"ಇಲ್ಲೇ... ಒಂದು ಕಡೆ," ಎಂದ ಅವನು. ಕೈಯಲ್ಲಿ ಸೌಟು ಹಿಡಿದೇ ಇದ್ದ.

"ಒಂದು ಕಡೆ ಅಂದ್ರ? ಕೈಯಾಗ ಏನದು? ಮಕ್ಕಳೆಲ್ಲಿ?"

ಅವನು ನನ್ನ ಕಡೆ ನೋಡಿದ. ನಾನು ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ. ಪರದೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಒಂದು ದುಂಡನೆಯ ಮುಖ. ಹಿಂದೆ ದೊಡ್ಡ ಅಡುಗೆಮನೆಯ ಹೊಳೆಯುವ ಕಪಾಟುಗಳು.

"ತಂಗೀ, ನಾನು ಟೀಚರು," ಎಂದೆ. "ನಿಮ್ಮೆಜಮಾನ್ರು ಇಲ್ಲಿ ಅಡಗಿ ಕಲಿಯಾಕ ಬರ್ತಾರ."

"ಅಡಗಿ? ಅವ್ರು?" ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅನುಮಾನವೂ ಬಂತು. "ಯಾಕ್ರಿ? ಮಕ್ಕಳಿಗೆ ಏನಾಗೇತಿ?"

ತಾಯಿಯ ಆ ಪ್ರಶ್ನೆಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಅವನ ಕಡೆ ನೋಡಿದೆ. ಅವನು ಹೇಳಿ ಎಂಬಂತೆ ಗೋಣು ಹಾಕಿದ. ಇದ್ದದ್ದನ್ನು ಹೇಳಿದೆ. ಮಗಳು ಬಿದ್ದದ್ದು, ಈಗ ಗುಳಿಗೆ ತೆಗೆದುಕೊಳ್ಳುತ್ತಿರುವುದು, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದು. ಅವಳು ಫೋನನ್ನು ಯಾವುದೋ ಕಟ್ಟೆಯ ಮೇಲಿಟ್ಟಳೆಂದು ಕಾಣುತ್ತದೆ. ಪರದೆಯಲ್ಲಿ ಬರೀ ಚಾವಣಿ ಕಾಣುತ್ತಿತ್ತು. ಅಳು ಕೇಳುತ್ತಿತ್ತು.

"ನಾ ಇಲ್ಲಿ ಅವರ ಮಕ್ಕಳ ಬೆನ್ನು ಹತ್ತಿ ಹತ್ತಿ ಉಣಸ್ತೀನ್ರಿ," ಎಂದಳು ಕೊನೆಗೆ. "ಒಂದು ತುತ್ತು ಬಿಟ್ರೂ ಇವ್ರು ನನ್ನ ಕೇಳ್ತಾರ. ನನ್ನ ಮಗಳು ಅಲ್ಲಿ ಉಪಾಸ ಬಿದ್ದಾಳ."

ಖಾಲಾ ನನ್ನ ಕೈಯಿಂದ ಫೋನು ಕಸಿದುಕೊಂಡರು. ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಅಳು ಅರ್ಥವಾಗಿತ್ತು. ಅಳಬೇಡ ಬೇಟೀ, ನಿನ್ನ ಗಂಡ ಒಳ್ಳೆಯವನು, ಕೈ ಮಾತ್ರ ದರಿದ್ರ, ನಾವು ತಿದ್ದುತ್ತಿದ್ದೇವೆ ಎಂದು ದಖನಿಯಲ್ಲಿ ಜೋರಾಗಿ ಹೇಳಿದರು. ಆಮೇಲೆ ಫೋನನ್ನು ಬಾಣಲೆಯ ಮೇಲೆ ಹಿಡಿದು, ನೋಡು ಇವನ ಅಂಬಾಡಾ ಹೇಗಿದೆ ಎಂದು ತೋರಿಸಿದರು.

ಫೋನಿನಲ್ಲಿ ಮೂಗು ಒರೆಸಿಕೊಂಡ ದನಿ.

"ನುಚ್ಚು ಹಾಕಿಲ್ಲೇನ್ರಿ?"

"ಯಾವ ನುಚ್ಚು?" ಎಂದ ಅವನು.

"ಜೋಳದ ನುಚ್ಚು. ತೊಗರಿಬ್ಯಾಳಿ ಜೋಡಿ ಒಂದು ಮುಟಗಿ ನುಚ್ಚು ಹಾಕಿ ಕುದಸ್ರಿ. ಬರೇ ಹುಳಿ ಪಲ್ಯ ಹುಡುಗೂರು ಹ್ಯಾಂಗ ತಿಂತಾವ? ಊರಾಗ ನಿಮ್ಮವ್ವ ಮಾಡೂದು ನೋಡಿಲ್ಲೇನು?"

ಅಂದಿನಿಂದ ಅವಳೂ ನಮ್ಮ ಕ್ಲಾಸಿಗೆ ಬರತೊಡಗಿದಳು. ಅಲ್ಲಿ ಬಿಡುವಾದ ಶನಿವಾರಗಳಲ್ಲಿ ಫೋನು ಮಾಡುತ್ತಿದ್ದಳು. ಅವನು ಅದನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದ. ಉರಿ ಸಣ್ಣ ಮಾಡ್ರಿ, ಈಗ ಮುಚ್ಚಳ ಮುಚ್ಚ್ರಿ ಎಂದು ಕುವೈತಿನಿಂದ ಅಪ್ಪಣೆ ಬರುತ್ತಿತ್ತು. ನನ್ನ ಕಡಿಮೆ ಎಣ್ಣೆಯ ಲೆಕ್ಕಕ್ಕೂ ಅವಳ ಬೆಳ್ಳುಳ್ಳಿ ಒಗ್ಗರಣೆಗೂ ಆಗಾಗ ತಿಕ್ಕಾಟ ನಡೆದು, ನಡುವಿನದೊಂದು ದಾರಿಗೆ ಇಬ್ಬರೂ ಒಪ್ಪುತ್ತಿದ್ದೆವು. ಕೆಲವು ಶನಿವಾರ ಫೋನು ಬರುತ್ತಿರಲಿಲ್ಲ. ಆಗ ಅವನು ಮಾತಿಲ್ಲದೆ ಅಡುಗೆ ಮಾಡುತ್ತಿದ್ದ. ಹೆಂಗಸರೂ ಅವನನ್ನು ಅಂದು ಕೆಣಕುತ್ತಿರಲಿಲ್ಲ.

ದೊಡ್ಡ ಮಗಳು ಮೇಲೆ ಹತ್ತಿ ಬಂದದ್ದು ತಾಯಿಯ ದನಿ ಕೇಳಿ. ಒಂದು ಶನಿವಾರ ಅಪ್ಪನನ್ನು ಕರೆಯಲೆಂದು ಕೆಳಗಿನವರೆಗೆ ಬಂದವಳು ಆ ದನಿಗೆ ಹತ್ತಿ ಬಂದು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಳು. ಒಳಗೆ ಅವಳ ಅಪ್ಪ ಎರಡು ಕೈಯಿಂದ ಜೋಳದ ಹಿಟ್ಟು ನಾದುತ್ತಿದ್ದ, ಹಿಟ್ಟು ಬಿರಿಯುತ್ತಿತ್ತು, ಡಬ್ಬಿಗೆ ಒರಗಿದ ಅವ್ವ ಬಿಸಿನೀರು ಸಾಲದು ಎಂದು ಕೂಗುತ್ತಿದ್ದಳು. ರೊಟ್ಟಿ ಬಡಿಯಲು ಹೋದರೆ ಅದು ಭಾರತದ ನಕ್ಷೆಯಂತೆ ಒಂದೊಂದು ಕಡೆ ಬಾಲ ಬಿಟ್ಟುಕೊಂಡು ಕೂತಿತ್ತು. ನಾನು ಹುಡುಗಿಯನ್ನು ನೋಡಿಯೂ ನೋಡದವಳಂತಿದ್ದೆ.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಪ್ಪನ ಪಕ್ಕ ಕೂತು, ರೊಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿ ದುಂಡಗೆ ಮಾಡಿದಳು.

"ಅವ್ವಾ, ಈಗ ಸರಿ ಐತಿ ನೋಡು."

"ನೀ ಯಾಕ ಅಲ್ಲಿ? ಓದೂದು ಬಿಟ್ಟು?"

"ಓದೂದು ಆಗೇತಿ. ಹಸಿವಾಗೇತಿ."

ಆ ರೊಟ್ಟಿಯನ್ನು ಸುಟ್ಟು, ಮೊದಲ ರೊಟ್ಟಿ ಅವಳಿಗೇ ಕೊಟ್ಟೆವು. ಮೇಲೆ ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಹೋಳು ನಿಂಬೆ. ಎಲ್ಲರೂ ಏನೋ ಕೆಲಸ ಇರುವವರಂತೆ ಅತ್ತ ಇತ್ತ ನೋಡುತ್ತಿದ್ದೆವು. ಅವಳು ಪೂರ್ತಿ ತಿಂದಳು. ಅವಳ ಅಪ್ಪ ಒಲೆಯ ಕಡೆ ತಿರುಗಿ ನಿಂತಿದ್ದ. ಈ ಸಲ ಅಲ್ಲಿ ಹೆಚ್ಚಿದ ಈರುಳ್ಳಿ ಇರಲಿಲ್ಲ. ಆದರೂ ಅವನು ತೋಳಿನಿಂದ ಕಣ್ಣು ಒರೆಸಿಕೊಂಡ.

ಶಾಲೆಯಲ್ಲಿ ಅಣಕ ನಿಂತಿತೆಂದು ನಾನು ಹೇಳಲಾರೆ. ಅದು ತನ್ನಷ್ಟಕ್ಕೆ ಹಳತಾಯಿತು, ಹುಡುಗಿಯರಿಗೆ ಬೇರೆ ವಿಷಯ ಸಿಕ್ಕಿತು. ಬೇಸಿಗೆಯ ಹೊತ್ತಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರಿಗೆ ಸಂತೋಷವಾಗುವಷ್ಟು ಹುಡುಗಿಯ ರಕ್ತ ಹೆಚ್ಚಿತ್ತು. ಗುಳಿಗೆಯಿಂದಲೋ ಪಲ್ಯದಿಂದಲೋ ಎಂದು ಅವನು ಕೇಳಿದ. ಎರಡರಿಂದಲೂ ಎಂದಳು ಡಾಕ್ಟರು. ಅವನಿಗೆ ಅಷ್ಟು ಸಾಕಾಯಿತು. ಆ ದಿನ ಆಟೊವನ್ನು ದವಾಖಾನೆಯ ಮುಂದೆಯೇ ನಿಲ್ಲಿಸಿದ್ದ.

ಅವನ ಹೆಂಡತಿ ಒಪ್ಪಂದ ಮುಗಿಸಿ ಮರಳಿ ಬಂದದ್ದು ಅದರ ಮುಂದಿನ ಚಳಿಗಾಲದಲ್ಲಿ. ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಅಪ್ಪ ಮಕ್ಕಳು ಹೋಗಿ ಕರೆತಂದರಂತೆ. ಆ ಶನಿವಾರ ಅವನು ಬರಲಿಲ್ಲ. ನಾವೂ ನಿರೀಕ್ಷಿಸಿರಲಿಲ್ಲ. ಮರುವಾರ ಕ್ಲಾಸಿಗೆ ಮುಂಚೆಯೇ ಒಬ್ಬಳೇ ಬಂದವಳು ಅವಳು. ಫೋನಿನಲ್ಲಿ ಕಂಡದ್ದಕ್ಕಿಂತ ಸಣ್ಣ ದೇಹ. ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಎಬ್ಬಿಸಿದರೆ ಅಳುತ್ತಿದ್ದಳು. ಸಂತೋಷಕ್ಕೆ ಅಂದುಕೊಂಡೆ. ಹಾಗಿರಲಿಲ್ಲ.

"ಅಕ್ಕಾರ, ನಿಮ್ಮ ಮುಂದ ಹೇಳಬಾರದು, ನೀವೇ ಕಲಿಸಿದ್ದು. ಆದ್ರ ನನಗ ಸಹನ ಆಗವಲ್ದು. ನನ್ನ ಅಡಗಿಮನ್ಯಾಗ ನನಗ ಒಂದು ಡಬ್ಬಿ ಸಿಗವಲ್ದು. ಬ್ಯಾಳಿ ಎಲ್ಲಿ ಅಂದ್ರ ಸಣ್ಣಾಕಿ ಬಂದು ತಗದು ಕೊಡ್ತಾಳ. ನಿನ್ನಿ ನಾ ಬ್ಯಾಳಿ ಸಾರು ಮಾಡಿದೆ. ದೊಡ್ಡಾಕಿ ಒಂದು ತುತ್ತು ತಿಂದು, ಅಪ್ಪ ಇದರಾಗ ಪಾಲಕ ಹಾಕ್ತಾನ ಅಂದ್ಲು. ಆಕಿ ಕೆಟ್ಟ ಮನಸ್ಸಿನಿಂದ ಅಂದಿಲ್ರಿ. ಆದ್ರ ನಾ ಎದ್ದು ಹೊರಗ ಹೋಗಿ ಕುಂತೆ. ಇಷ್ಟು ವರ್ಷ ಅಲ್ಲಿ ಒಲಿ ಮುಂದ ನಿಂತಾಗೆಲ್ಲ ನಾ ಏನು ಅನಕೊಂತಿದ್ದೆ ಗೊತ್ತೇನ್ರಿ? ನನ್ನ ಮನಿ ಒಲಿ ನನ್ನ ದಾರಿ ಕಾಯಾಕತ್ತೈತಿ ಅಂತ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವನು ಮಾಡಿದ್ದರಲ್ಲೂ ತಪ್ಪಿರಲಿಲ್ಲ. ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಅಷ್ಟರಲ್ಲಿ ಹೆಂಗಸರು ಬರತೊಡಗಿದರು, ಖಾಲಾ ಬಂದರು, ಹಿಂದೆಯೇ ಅವನೂ ಮಕ್ಕಳೂ ಬಂದರು. ಅವಳನ್ನು ಕಂಡು ಹೆಂಗಸರಿಗೆ ಹಳೆಯ ಗೆಳತಿ ಬಂದಷ್ಟು ಖುಷಿ. ಡಬ್ಬಿಗೆ ಒರಗುತ್ತಿದ್ದವಳು ಇಷ್ಟು ಎತ್ತರ ಇದ್ದಾಳೆಯೇ ಎಂದು ಒಬ್ಬಳು ತೆಲುಗಿನಲ್ಲಿ ಚೇಷ್ಟೆ ಮಾಡಿದಳು.

ಅಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪಾಲಕ ಹಾಕಿದ ಬೇಳೆ, ಸವತೆಕಾಯಿ ಕೋಸಂಬರಿ. ಅಡುಗೆಯಾದ ಮೇಲೆ ಚಾಪೆ ಹಾಸಿ ಎಲ್ಲರೂ ಸಾಲಾಗಿ ಕೂತರು. ಬಡಿಸುವ ಸರದಿ ಅವನದಾಗಿತ್ತು. ಅವಳಿಗೂ ತಟ್ಟೆ ಹಾಕಿದರು. ಅವಳು ಕೂತು, ಮರುಕ್ಷಣ ಎದ್ದು ನೀರಿನ ಜಗ್ಗು ತಂದಳು. ಮತ್ತೆ ಕೂತು, ಮತ್ತೆ ಎದ್ದು ಗಂಡನ ಕೈಯಿಂದ ಪಲ್ಯದ ಬೋಗುಣಿ ತೆಗೆದುಕೊಳ್ಳಲು ಹೋದಳು. "ನೀವು ಕೂಡ್ರಿ, ನಾ ನೀಡ್ತೀನಿ," ಎಂದಳು.

ಖಾಲಾ ಅವಳ ಸೆರಗು ಹಿಡಿದು ಎಳೆದು ಕೂರಿಸಿದರು.

"ಅಲ್ಲಿ ಹೇಗೆ ಉಣ್ಣುತ್ತಿದ್ದೆ?" ಎಂದು ದಖನಿಯಲ್ಲಿ ಕೇಳಿದರು.

ಅವಳಿಗೆ ಪ್ರಶ್ನೆ ಅನಿರೀಕ್ಷಿತವಾಗಿತ್ತು. ಎಲ್ಲರ ಊಟವಾದ ಮೇಲೆ ಎಂದಳು. ಅಡುಗೆಮನೆಯಲ್ಲಿ ನಿಂತುಕೊಂಡೇ. ಆರಿದ್ದು.

"ಬಿಸಿಯದು ಉಂಡದ್ದು ಯಾವಾಗ?"

ಅವಳು ತಲೆಯಾಡಿಸಿದಳು. ನೆನಪಿಲ್ಲ.

"ಹಾಗಾದರೆ ಸುಮ್ಮನೆ ಕೂತು ಉಣ್ಣು," ಎಂದರು ಖಾಲಾ. "ಒಲೆ ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆ ನೀನೇ ಉರಿಸು."

ಅವನು ಹೆಂಚಿನಿಂದ ಆಗತಾನೆ ತೆಗೆದ ರೊಟ್ಟಿಯನ್ನು ತಂದು ಹೆಂಡತಿಯ ತಟ್ಟೆಗೆ ಹಾಕಿದ. ರೊಟ್ಟಿ ಉಬ್ಬಿತ್ತು, ಹಬೆಯಾಡುತ್ತಿತ್ತು. ಅವನು ಅಲ್ಲೇ ಬಗ್ಗಿ ನಿಂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಅವಳ ಮುಖ ನೋಡುತ್ತಿದ್ದ. ಅವಳು ತುದಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಅಗಿದಳು. ಎರಡನೆಯ ತುತ್ತು, ಮೂರನೆಯ ತುತ್ತು. ತಲೆ ಎತ್ತಲಿಲ್ಲ. ಎದ್ದೂ ಹೋಗಲಿಲ್ಲ.

"ಉಪ್ಪು?" ಎಂದ ಅವನು.

"ಸರಿ ಐತಿ."

"ಪಾಲಕ?"

"ಛಲೋ ಆಗೇತಿ," ಎಂದಳು. ಆಮೇಲೆ, "ಬಳ್ಳೊಳ್ಳಿ ಒಂದೀಟು ಹೊತ್ತೇತಿ," ಎಂದಳು.

ಎಲ್ಲರಿಗಿಂತ ಮೊದಲು ನಕ್ಕವಳು ದೊಡ್ಡ ಮಗಳು. ಅವಳು ತಾಯಿಯ ಮಗ್ಗುಲಿಗೆ ಸರಿದು, ಅವಳ ತಟ್ಟೆಯಿಂದಲೇ ಒಂದು ತುಂಡು ಮುರಿದುಕೊಂಡಳು. ನಾನು ಕೋಸಂಬರಿ ಬಡಿಸುವ ನೆಪದಲ್ಲಿ ಆ ಕಡೆಯಿಂದ ಎದ್ದು ಹೋದೆ.

ಮನೆಯಲ್ಲಿ ಅವರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದು ತನ್ನಷ್ಟಕ್ಕೆ ಒಂದು ಕ್ರಮಕ್ಕೆ ಬಂತು. ಬೆಳಗಿನ ಅಡುಗೆ ಅವಳದು, ರಾತ್ರಿಯದು ಅವನದು. ಡಬ್ಬಿಗಳನ್ನು ಅವಳು ಮತ್ತೆ ತನ್ನ ಹಳೆಯ ಕ್ರಮದಲ್ಲಿ ಜೋಡಿಸಿದಳಂತೆ. ಅವನು ಬೇಳೆ ಹುಡುಕಿ ಹುಡುಕಿ ಬೈಸಿಕೊಳ್ಳುತ್ತಾನಂತೆ. ಮತ್ತೆ ಹೊರದೇಶಕ್ಕೆ ಹೋಗುವ ಮಾತು ಒಮ್ಮೆ ಬಂದಿತ್ತು. ಕರೆಯುವವರು ಇದ್ದರು. ಅವಳು ಹೋಗಲಿಲ್ಲ. ಹತ್ತಿರದ ಹಾಸ್ಟೆಲೊಂದರ ಅಡುಗೆಗೆ ಸೇರಿದಳು. ಅಲ್ಲಿಯ ಹುಡುಗಿಯರಿಗೆ ಊಟದ ಜೊತೆ ಚಹಾ ಕೊಡಲು ಇವಳು ಒಪ್ಪುವುದಿಲ್ಲವೆಂದು ವಾರ್ಡನ್ನಿನ ತಕರಾರು.

ಕ್ಲಾಸು ಈಗಲೂ ನಡೆಯುತ್ತಿದೆ. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಕಷ್ಟವಾಗಿ ಕೆಲವು ಶನಿವಾರ ತಪ್ಪಿಸುತ್ತೇನೆ. ಹೋದಾಗ ನೋಡುತ್ತೇನೆ, ಈಚೆಗೆ ಗಂಡಸರು ಇನ್ನಿಬ್ಬರು ಬರುತ್ತಿದ್ದಾರೆ. ಒಬ್ಬ ಹೆಂಡತಿಗೆ ಸಕ್ಕರೆ ಕಾಯಿಲೆ ಎಂದು ಬಂದವನು, ಇನ್ನೊಬ್ಬ ಮದುವೆಯಾಗದ ಗಾರೆ ಕೆಲಸದವನು. ಅವರು ಮೊದಲ ದಿನ ಬಾಗಿಲಲ್ಲಿ ತಡವರಿಸಿ ನಿಂತಾಗ ಯಾರೂ ಮಾತು ನಿಲ್ಲಿಸಲಿಲ್ಲ. ಖಾಲಾ ಮಾತ್ರ ಕನ್ನಡಕ ಸರಿಮಾಡಿಕೊಂಡು, ಕೈ ತೊಳೆದು ಬಂದಿದ್ದೀರಾ ಎಂದು ಕೇಳಿದರು.